ಬರಿಯ ಮರಕ್ಕೆ ಸಮನಾದ ಸ್ಟೇನ್: ಮರಗೆಲಸದ ಘಟಕಗಳು ಗಮನಿಸಬೇಕಾದ ಅಂಶಗಳು

ತೇಗ ದುಬಾರಿಯಾದಂತೆ ಮಾವು, ಬೇವು, ಸಿಲ್ವರ್ ಓಕ್ ಮರಗಳಿಗೆ ತೇಗದ ಛಾಯೆ ನೀಡಿ ಬಾಗಿಲು, ಮಂಚಗಳನ್ನು ಮಾರುವುದು ಸಣ್ಣ ತಯಾರಕರಿಗೆ ಅನಿವಾರ್ಯವಾಗಿದೆ. (ಬಿಲ್ಲಿನಲ್ಲಿ ಮರದ ನಿಜವಾದ ಹೆಸರನ್ನೇ ನಮೂದಿಸತಕ್ಕದ್ದು; ಅದು ಬೇರೆ ಮಾತು.) ಆದರೆ ಬಣ್ಣ ಒಂದೆಡೆ ಕಪ್ಪಾಗಿ, ಇನ್ನೊಂದೆಡೆ ಮಂಕಾಗಿ ಕುಳಿತರೆ ಗಿರಾಕಿ ಸರಕನ್ನು ಒಪ್ಪುವುದಿಲ್ಲ. ಕೆರೆದು ತೆಗೆದು ಮತ್ತೆ ಹಚ್ಚುವ ಕೂಲಿಯು ಲಾಭವನ್ನೇ ನುಂಗುತ್ತದೆ.

ಶ್ರೀರಂಗಪಟ್ಟಣದಲ್ಲಿ 1784ರಲ್ಲಿ ನಿರ್ಮಾಣವಾದ ದರಿಯಾ ದೌಲತ್ ಅರಮನೆ ಬಹುಪಾಲು ತೇಗದ್ದೇ. ಆದರೆ ಅಲ್ಲಿ ಮರವನ್ನು ಚಿತ್ರದ ಬಣ್ಣ ಮುಚ್ಚಿದೆ. ಸ್ಟೇನ್ ಹಾಗಲ್ಲ, ಅದು ಮರದ ಪ್ರತಿಯೊಂದು ದೋಷವನ್ನೂ ಎತ್ತಿ ತೋರಿಸುತ್ತದೆ. ಬೇವಿನಂತಹ ಮರದಲ್ಲಿ ನಾರುಗಳು ಒಂದಕ್ಕೊಂದು ಹೆಣೆದುಕೊಂಡಿರುವುದರಿಂದ ಹೀರುವಿಕೆ ಜಾಗದಿಂದ ಜಾಗಕ್ಕೆ ಬದಲಾಗುತ್ತದೆ. ಅಡ್ಡ ಕೊಯ್ದ ತುದಿಗಳಂತೂ ಹೆಚ್ಚು ಹೀರಿ ಕಪ್ಪಾಗುತ್ತವೆ. ಅಂಟು ಒಸರಿದ ಕಡೆ ಬಣ್ಣ ಹಿಡಿಯುವುದೇ ಇಲ್ಲ.

ವಿಶ್ವೇಶ್ವರಯ್ಯ ನಾಲೆಯ ಪಾಂಡವಪುರದಲ್ಲಾಗಲಿ, ಹೇಮಾವತಿ ನೀರಿನ ಕೆ.ಆರ್.ಪೇಟೆ, ನಾಗಮಂಗಲಗಳಲ್ಲಾಗಲಿ, ಮಳೆಗಾಲದಲ್ಲಿ ಹಲಗೆಯ ತೇವ ಏರುವುದು ಸಹಜ. ತೇವಮಾಪಕದಲ್ಲಿ ಶೇ. 12ಕ್ಕಿಂತ ಹೆಚ್ಚು ಕಂಡರೆ ಕೆಲಸ ಮುಂದೂಡುವುದೇ ಲೇಸು.

ಮರಳು ಕಾಗದವನ್ನು 80, 120, 180 ಎಂಬ ಕ್ರಮದಲ್ಲಿ, ನಾರಿನ ದಿಕ್ಕಿಗೇ ಉಜ್ಜಬೇಕು. ತುದಿಗಳಿಗೆ ಮಾತ್ರ 220ರವರೆಗೆ ಹೋಗಬಹುದು. ಒಂದು ಬಾಗಿಲಿನ ಎಲ್ಲ ಭಾಗಗಳೂ ಒಂದೇ ಸಂಖ್ಯೆಯ ಕಾಗದಕ್ಕೆ ನಿಲ್ಲದಿದ್ದರೆ ಛಾಯೆಯೂ ಒಂದೇ ಆಗಲಾರದು. ಬಳಿಕ ಮೇಲ್ಮೈಗೆ ಸ್ಪಿರಿಟ್ ಒರೆಸಿದರೆ ಅಡಗಿದ ಅಂಟಿನ ಕಲೆಗಳು ಕಾಣುತ್ತವೆ. ನೀರಿನ ಸ್ಟೇನ್ ಆದರೆ ಮೊದಲೇ ಒದ್ದೆ ಬಟ್ಟೆಯಿಂದ ಒರೆಸಿ, ಒಣಗಿದ ನಂತರ ಎದ್ದ ನಾರುಗಳನ್ನು ಹಗುರವಾಗಿ ಉಜ್ಜಬೇಕು. ಕಲೆ ಕಟ್ಟುವ ಮರಕ್ಕೆ ಮೇಣ ತೆಗೆದ ಅರಗಿನ ಪಾಲಿಶ್ ಒಂದು ಪಾಲಿಗೆ ಮೂರು ಪಾಲು ಸ್ಪಿರಿಟ್ ಬೆರೆಸಿ ತೆಳುವಾಗಿ ಒಮ್ಮೆ ಹಚ್ಚಿದರೆ ಹೀರುವಿಕೆ ಹತೋಟಿಗೆ ಬರುತ್ತದೆ. ಬಣ್ಣ ಒಂದಿಷ್ಟು ತಿಳಿಯಾಗುವುದು ನಿಜ.

ಸ್ಟೇನನ್ನು ಧಾರಾಳವಾಗಿ ಹಚ್ಚಿ, ಒಣಗುವ ಮುನ್ನವೇ ಹೆಚ್ಚಾದುದನ್ನು ನಾರಿನ ಗುಂಟ ಒರೆಸಿ ತೆಗೆಯಬೇಕು. ದೊಡ್ಡ ಬಾಗಿಲಿಗೆ ಒಬ್ಬರು ಹಚ್ಚುತ್ತ ಹೋದಂತೆ ಇನ್ನೊಬ್ಬರು ಒರೆಸುತ್ತ ಬರುವುದು ಉತ್ತಮ. ಅದೇ ಮರದ ತುಂಡೊಂದರ ಮೇಲೆ ಮೊದಲು ಪರೀಕ್ಷಿಸಿ, ಗಿರಾಕಿಯ ಒಪ್ಪಿಗೆಯ ಸಹಿ ಪಡೆದಿಟ್ಟುಕೊಂಡರೆ ತಕರಾರಿಗೆ ಆಸ್ಪದವಿರದು.

ಎಣ್ಣೆ ಸ್ಟೇನ್ ಒರೆಸಿದ ಬಟ್ಟೆಗಳನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಬಾರದು. ಎಣ್ಣೆ ಗಾಳಿಯೊಡನೆ ಬೆರೆತು ಒಣಗುವಾಗ ಶಾಖ ಹುಟ್ಟಿ, ಕಿಡಿಯಿಲ್ಲದೆಯೇ ಬೆಂಕಿ ಹೊತ್ತುವುದುಂಟು. ಅವನ್ನು ಹೊರಗೆ ಒಂದೊಂದಾಗಿ ಹರವಿ ಒಣಗಿಸಬೇಕು, ಇಲ್ಲವೇ ನೀರು ತುಂಬಿದ ಮುಚ್ಚಳದ ತಗಡಿನ ಡಬ್ಬಿಯಲ್ಲಿ ಮುಳುಗಿಸಿಡಬೇಕು.