ಬಲ್ಮಠದ ಸಹಪಂಕ್ತಿ

ಆಟಿ ತಿಂಗಳ ಮಳೆ ಮಂಗಳೂರಿನಲ್ಲಿ ಮೊದಲು ಹಿಡಿಯುವುದು ಗುಡ್ಡಗಳನ್ನು. ಕಡಲ ಕಡೆಯಿಂದ ಎದ್ದ ಗಾಳಿ ಬಲ್ಮಠದ ನೆತ್ತಿಗೆ ಬಡಿದು, ಮುರಕಲ್ಲಿನ ಗೋಡೆಗಳು ನೀರು ಕುಡಿದು ಕಡುಗೆಂಪಾಗುತ್ತವೆ. ಅಂಗಳದಲ್ಲಿ ಕಾಲಿಟ್ಟರೆ ಪಾಚಿ ಜಾರುತ್ತದೆ, ಒಳಗೆ ಹರವಿದ ಬಟ್ಟೆ ಮೂರು ದಿನವಾದರೂ ಒಣಗುವುದಿಲ್ಲ. 1840ರ ದಶಕದಲ್ಲಿ ಅಂಥದೊಂದು ನಸುಕನ್ನು ಕಣ್ಣಮುಂದೆ ತಂದುಕೊಳ್ಳಿ. ಪೇಟೆಯ ಗದ್ದಲಕ್ಕೆ ಎಟುಕದ ಗುಡ್ಡದ ಮೇಲೊಂದು ಬಂಗಲೆ, ಅದರಲ್ಲಿ ಕ್ರೈಸ್ತ ಮಿಶನ್ನಿನ ಸೆಮಿನರಿ. ಗಂಟೆ ಬಾರಿಸುತ್ತದೆ. ಹುಡುಗರು ಚಾಪೆ ಸುತ್ತಿಟ್ಟು, ಬಾವಿಕಟ್ಟೆಗೆ ಓಡಿ, ಮುಖ ತೊಳೆದು ಜಗಲಿಯಲ್ಲಿ ಸಾಲಾಗಿ ಕೂರುತ್ತಾರೆ. ಒಬ್ಬನ ಮನೆಮಾತು ತುಳು, ಇನ್ನೊಬ್ಬನದು ಕನ್ನಡ, ಮತ್ತೊಬ್ಬನದು ಕೊಂಕಣಿ. ಅವರ ನಡುವೆಯೇ ಎದ್ದು ಬಂದು ಕುಳಿತವರು ಜರ್ಮನಿಯ ಪಾದ್ರಿ ಹರ್ಮನ್ ಮೊಗ್ಲಿಂಗ್. ಬೆಳಗಿನ ಪ್ರಾರ್ಥನೆ ಶುರುವಾಗುತ್ತದೆ. ಹೊರಗೆ ಮಳೆಯದೇ ದೊಡ್ಡ ದನಿ.

ಮೊಗ್ಲಿಂಗರನ್ನು ನಾವು 'ಮಂಗಳೂರ ಸಮಾಚಾರ'ದ ಸಂಪಾದಕರೆಂದು ಬಲ್ಲೆವು. 1843ರ ಜುಲೈ ಒಂದರಂದು ಕನ್ನಡದ ಮೊದಲ ಪತ್ರಿಕೆ ಹೊರಬಿತ್ತು, ಆ ದಿನವನ್ನು ಈಗಲೂ ಪತ್ರಿಕಾ ದಿನವೆಂದು ಆಚರಿಸುತ್ತೇವೆ. ಆದರೆ ಅವರ ಮೈಮನಸ್ಸು ಹೆಚ್ಚು ಸವೆದದ್ದು ಈ ಹುಡುಗರ ಜೊತೆ ಎಂದು ನನ್ನ ಲೆಕ್ಕ. ಪತ್ರಿಕೆ ಬರುತ್ತಿದ್ದದ್ದು ಹದಿನೈದು ದಿನಕ್ಕೊಮ್ಮೆ, ಹುಡುಗರು ಮಾತ್ರ ದಿನಬೆಳಗಾದರೆ ಎದುರಿಗೆ.

ಈ ಗಂಟೆ, ಈ ಪ್ರಾರ್ಥನೆ, ಈ ಹೊತ್ತುಹೊತ್ತಿನ ಕಟ್ಟುಪಾಡು ಬಂದದ್ದು ದೂರದಿಂದ. ಸ್ವಿಟ್ಜರ್ಲೆಂಡಿನ ಬಾಸೆಲ್ ನಗರದಲ್ಲಿ 1815ರಲ್ಲಿ ಹುಟ್ಟಿದ ಬಾಸೆಲ್ ಮಿಶನ್ ತನ್ನ ಮೊದಲ ಮೂವರನ್ನು, ಅಂದರೆ ಸ್ಯಾಮುವೆಲ್ ಹೆಬಿಕ್, ಲೇನರ್, ಗ್ರೈನರ್ ಇವರನ್ನು, 1834ರಲ್ಲಿ ಈ ಕರಾವಳಿಗೆ ಕಳಿಸಿತು. ಮಿಶನ್ನಿನ ಹೆಚ್ಚಿನವರು ದಕ್ಷಿಣ ಜರ್ಮನಿಯ ವುರ್ಟೆಂಬರ್ಗ್ ಸೀಮೆಯ ರೈತರ, ಕುಶಲಕರ್ಮಿಗಳ ಮಕ್ಕಳು. ಬಾಸೆಲಿನ ಮಿಶನ್ ಮನೆಯಲ್ಲಿ ಅವರೂ ಗಂಟೆಗೆ ಎದ್ದವರು, ಒಟ್ಟಿಗೆ ಉಂಡವರು, ಓದಿನ ಜೊತೆ ಮೈಮುರಿದು ದುಡಿದವರು. 1836ರಲ್ಲಿ ಬಂದ ಮೊಗ್ಲಿಂಗ್ ಟ್ಯೂಬಿಂಗನ್ ವಿಶ್ವವಿದ್ಯಾಲಯದಲ್ಲಿ ಕಲಿತವರು. ಗುಂಪಿನಲ್ಲಿ ಸ್ವಲ್ಪ ಬೇರೆ ಜಾತಿಯ ಹಕ್ಕಿ. ಆದರೂ ಸಾಹೇಬರ ಬಂಗಲೆಯ ಬಾಳು ಅವರಿಗೆ ಒಗ್ಗಲಿಲ್ಲ. ಹುಡುಗರಿರುವಲ್ಲೇ ತಾನೂ ಇರಬೇಕು, ಅವರು ಉಣ್ಣುವುದನ್ನೇ ಉಣ್ಣಬೇಕು ಎಂಬ ಹಟ ಅವರದು.

ಉಣ್ಣುವುದು ಎಂದರೆ ಆ ಕಾಲದಲ್ಲಿ ಸಣ್ಣ ಸಂಗತಿಯೇ? ಯಾರು ಬೇಯಿಸಿದರು, ಯಾರು ಬಡಿಸಿದರು, ಪಕ್ಕದ ಎಲೆಯಲ್ಲಿ ಯಾರು ಕೂತರು ಎಂಬುದರ ಮೇಲೆ ಇಡೀ ಊರು ನಿಂತಿತ್ತು. ಕುಚ್ಚಲಕ್ಕಿ ಗಂಜಿಯ ಬಿಸಿ ಹಬೆ, ಮಾವಿನಮಿಡಿ ಉಪ್ಪಿನಕಾಯಿ, ಸುಟ್ಟ ಒಣಮೀನಿನ ಘಮ: ಕರಾವಳಿಯ ಬಡವರ ಊಟ ಇಷ್ಟೇ. ಆ ಗಂಜಿಯನ್ನು ಬೇರೆ ಬೇರೆ ಜಾತಿಯ ಮನೆಗಳಿಂದ ಬಂದವರು ಒಂದೇ ಸಾಲಿನಲ್ಲಿ ಕೂತು ಸುರಿದುಕೊಂಡರೆ ಅದು ಬೋಧನೆಗಿಂತ ಜೋರಾಗಿ ಕೇಳುವ ಮಾತು. ದೇವಾಲಯದಲ್ಲಿ ಕರ್ತನ ಭೋಜನದ ಒಂದೇ ರೊಟ್ಟಿ, ಒಂದೇ ಪಾತ್ರೆ. ಅದರ ಅರ್ಥ ಹುಡುಗರಿಗೆ ಹೊಳೆದದ್ದು ಅಡುಗೆಮನೆಯ ಪಡಸಾಲೆಯಲ್ಲೇ ಇರಬೇಕು.

ಊರಿಗೂ ಅದು ಹೊಳೆಯಿತು. 1844ರ ಜನವರಿ 6ರಂದು ಆನಂದರಾವ್ ಕೌಂಡಿನ್ಯ ಎಂಬ ಸಾರಸ್ವತ ಯುವಕ ಇನ್ನಿಬ್ಬರೊಡನೆ ದೀಕ್ಷಾಸ್ನಾನ ಪಡೆದಾಗ ಮಂಗಳೂರು ಕೆರಳಿತು. ಕೆರಳಿದವರನ್ನು ಇಂದು ಸುಮ್ಮನೆ ಹಳಿಯುವುದು ಸುಲಭ. ಒಂದು ಮನೆ ತನ್ನ ಮಗನನ್ನು ಬದುಕಿದ್ದಂತೆಯೇ ಕಳೆದುಕೊಂಡಿತ್ತು. ಆತನ ಹೆಂಡತಿಯೂ ಜೊತೆಗೆ ಬರಲಿಲ್ಲ. ಮಿಶನ್ನಿನ ಬರವಣಿಗೆಗಳಲ್ಲಿ ಗೆಲುವಾಗಿ ಕಾಣುವ ಆ ದಿನ, ಆ ಮನೆಯ ಪಡಸಾಲೆಯಲ್ಲಿ ಸೂತಕವೇ.

1846ರಲ್ಲಿ ಮೊಗ್ಲಿಂಗ್ ರಜೆಯ ಮೇಲೆ ಊರಿಗೆ ಹೊರಟಾಗ ಕೌಂಡಿನ್ಯರೂ ಹಡಗು ಹತ್ತಿದರು. ಈಗ ಚಿತ್ರ ತಿರುಗಿತು. ಬಾಸೆಲಿನ ಮಿಶನ್ ಮನೆಯಲ್ಲಿ ಜರ್ಮನ್ ಹುಡುಗರ ಸಾಲಿನ ನಡುವೆ ಮಂಗಳೂರಿನವನೊಬ್ಬ. ಗಂಜಿಯ ಬದಲು ರೊಟ್ಟಿ, ಮಳೆಯ ಬದಲು ಹಿಮ. ಪರಕೀಯನಾಗಿ ಪಂಕ್ತಿಯಲ್ಲಿ ಕೂರುವುದೆಂದರೇನು ಎಂಬುದನ್ನು ಮೊಗ್ಲಿಂಗ್ ಇಲ್ಲಿ ಕಲಿತರು, ಕೌಂಡಿನ್ಯರು ಅಲ್ಲಿ ಕಲಿತರು. 1851ರಲ್ಲಿ ಗುರುದೀಕ್ಷೆ ಪಡೆದು ಮರಳಿದ ಕೌಂಡಿನ್ಯರು ಬಲ್ಮಠದಲ್ಲೇ ಪಾಠಕ್ಕೆ ನಿಂತರು. ಸೆಮಿನರಿಯ ಹುಡುಗರಿಗೆ ಈಗ ಕಲಿಸುವವರು ಅವರದೇ ಊರಿನವರು.

ಪ್ರಾರ್ಥನೆಯ ಹೊತ್ತಿಗೆ ಮತ್ತೆ ಬರೋಣ. ಜರ್ಮನ್ ಕೀರ್ತನೆಗಳ ಧಾಟಿ ಗಂಭೀರ, ನಿಧಾನ. ಒಂದೊಂದು ಅಕ್ಷರವೂ ಅದರಲ್ಲಿ ಭಾರವಾಗಿ ಕಾಲೂರುತ್ತದೆ. ಅದಕ್ಕೆ ಕನ್ನಡದ ಮಾತು ಹೊಂದಿಸುವಾಗ ನಮ್ಮ ದೀರ್ಘ ಅಲ್ಲಿ ಹ್ರಸ್ವವಾಗುತ್ತದೆ, ಹ್ರಸ್ವ ಎಳೆದಾಡುತ್ತದೆ. ಕಿವಿ ಚುರುಕಾಗಿರುವ ವಿದ್ಯಾರ್ಥಿ ಮುಗುಳ್ನಕ್ಕಿರಲಾರನೇ? ಹಾಡಿ ಹಾಡಿ ಅದೇ ನಾಲಿಗೆಗೆ ಕೂತಿತು. ಸೊಪ್ರಾನೊ, ಆಲ್ಟೊ, ಟೆನರ್, ಬಾಸ್ ಎಂಬ ನಾಲ್ಕು ಸ್ವರಗಳ ಹಾಡುಗಾರಿಕೆ ಮಂಗಳೂರಿನ ಪ್ರಾಟೆಸ್ಟಂಟ್ ಮನೆಗಳಲ್ಲಿ ಇವತ್ತಿಗೂ ಅಪ್ಪ ಅಮ್ಮ ಮಕ್ಕಳ ನಡುವೆ ಹಂಚಿಹೋಗಿದೆ.

ಕೊಡುಕೊಳ್ಳು ಒಂದೇ ದಿಕ್ಕಿನದಾಗಿರಲಿಲ್ಲ. ಅದೇ ಗುಡ್ಡದಲ್ಲಿ ಪಾದ್ರಿಗಳು ತಾಳೆಗರಿ ಬಿಡಿಸಿಕೊಂಡು ಜೈಮಿನಿ ಭಾರತವನ್ನೂ ಬಸವಪುರಾಣವನ್ನೂ ಕಲ್ಲಚ್ಚಿಗೆ ಸಿದ್ಧಮಾಡಿದರು. 1850ರಲ್ಲಿ ದಾಸರ ಪದಗಳೂ ಅಚ್ಚಾದವು. ಬೆಳಿಗ್ಗೆ ಲೂಥರ್ ಕಾಲದ ಕೀರ್ತನೆ, ಹಗಲಿಡೀ ಪುರಂದರದಾಸರು! ಇಂಥ ಮನೆ ಆ ಕಾಲದ ಕನ್ನಡ ನಾಡಿನಲ್ಲಿ ಇನ್ನೊಂದಿದ್ದಂತೆ ನನಗೆ ಕಾಣದು. ಆಮೇಲೆ ಬಂದ ಅದೇ ಮಿಶನ್ನಿನ ಪಾದ್ರಿ ಕಿಟೆಲ್ ಇನ್ನೊಂದು ಹೆಜ್ಜೆ ಮುಂದೆ ಹೋದರು. 1862ರ ತಮ್ಮ 'ಕಥಾಮಾಲೆ'ಯಲ್ಲಿ ಯೇಸುವಿನ ಚರಿತ್ರೆಯನ್ನು ಕನ್ನಡದ ಛಂದಸ್ಸಿನಲ್ಲೇ ಹೇಳಿದರು. ಅದೇ ವರ್ಷ ಗುಡ್ಡದ ಮೇಲೆ ಶಾಂತಿ ದೇವಾಲಯವೂ ಎದ್ದಿತು. ಒಳಗೆ ನೆಲೆ ನಿಂತದ್ದು ಮಾತ್ರ ಜರ್ಮನ್ ಧಾಟಿಗಳು; ಕಿಟೆಲರ ದಾರಿಗೆ ಹಿಂಬಾಲಕರು ಕಡಿಮೆ. ನನಗೆ ಇದು ಸ್ವಲ್ಪ ನಷ್ಟವೆಂದೇ ಅನಿಸುತ್ತದೆ.

ಒಂದೇ ಪಂಕ್ತಿ ಎಂದಮಾತ್ರಕ್ಕೆ ಎಲ್ಲವೂ ಸಮವಾಗಿತ್ತು ಎನ್ನಲಾಗದು. ಯಾವ ಉಪದೇಶಿ ಯಾವ ಊರಿಗೆ, ಯಾರಿಗೆ ಎಷ್ಟು ಸಂಬಳ ಎಂಬುದು ಮಿಶನರಿಗಳ ಕೈಯಲ್ಲಿತ್ತು. ಮಿಶನರಿ ಯಾವಾಗ ಮದುವೆಯಾಗಬೇಕು ಎಂಬುದಕ್ಕೂ ಬಾಸೆಲಿನ ಸಮಿತಿಯ ಒಪ್ಪಿಗೆ ಬೇಕಿತ್ತು. ಎಲೆ ಹತ್ತಿರ ಹತ್ತಿರ, ಅಧಿಕಾರ ದೂರ ದೂರ.

1914ರ ಯುದ್ಧ ಆ ದೂರವನ್ನು ಇನ್ನೊಂದು ಬಗೆಯಲ್ಲಿ ಬಗೆಹರಿಸಿತು. ಜರ್ಮನ್ ಪಾದ್ರಿಗಳು ಬ್ರಿಟಿಷ್ ಸರಕಾರಕ್ಕೆ ಶತ್ರುದೇಶದವರಾದರು, ಬಂಧನಕ್ಕೆ ಹೋದರು, ಆಮೇಲೆ ಊರಿಗೆ ಸಾಗಹಾಕಲ್ಪಟ್ಟರು. ಮಿಶನ್ನಿನ ಹೆಂಚಿನ ಕಾರ್ಖಾನೆಗಳು ಬೇರೆಯವರ ಪಾಲಾದವು. ಭಾನುವಾರದ ಆರಾಧನೆ ನಿಲ್ಲಲಿಲ್ಲ. ಸೆಮಿನರಿಯಲ್ಲಿ ಕಲಿತ ಇಲ್ಲಿನವರೇ ವೇದಿಯ ಮುಂದೆ ನಿಂತರು.

ಈಗ ಆ ಗುಡ್ಡದಲ್ಲಿ 1965ರಲ್ಲಿ ರೂಪುಗೊಂಡ ಕರ್ನಾಟಕ ಥಿಯಾಲಾಜಿಕಲ್ ಕಾಲೇಜು ಇದೆ. ಕೆಳಗೆ ರಸ್ತೆಯಲ್ಲಿ ಸಿಟಿ ಬಸ್ಸುಗಳ ಕಂಡಕ್ಟರರು ಸ್ಟೇಟ್ ಬ್ಯಾಂಕ್, ಸ್ಟೇಟ್ ಬ್ಯಾಂಕ್ ಎಂದು ಕೂಗುತ್ತಾರೆ. ಮೇಲೆ ಪತ್ರಾಗಾರದಲ್ಲಿ ಹಳೆಯ ಅಚ್ಚಿನ ಹಾಳೆಗಳು ಮಳೆಯ ತೇವದೊಡನೆ ಗುದ್ದಾಡುತ್ತಿವೆ. ಬಡಗಣ ಜಿಲ್ಲೆಗಳಿಂದ ಬಂದ ವಿದ್ಯಾರ್ಥಿಗೆ ಮೊದಲ ತಿಂಗಳ ದೊಡ್ಡ ಕಷ್ಟ ಗ್ರೀಕ್ ವ್ಯಾಕರಣವಲ್ಲ, ಕುಚ್ಚಲಕ್ಕಿ ಅನ್ನ. ಜೋಳದ ರೊಟ್ಟಿ ಕಂಡ ಕೈಗೆ ಆ ದಪ್ಪ ಅಗುಳು ಹಿಡಿಯುವುದಿಲ್ಲ. ಪಕ್ಕದಲ್ಲಿ ಕೂತ ಕರಾವಳಿಯ ಹುಡುಗ ತನ್ನ ತಟ್ಟೆಯಿಂದ ಮೀನಿನ ಗಸಿ ತುಸು ಅತ್ತ ಸರಿಸುತ್ತಾನೆ, "ಇದನ್ನು ಕಲಸಿಕೊಳ್ಳಿ ಮಾರಾಯ್ರೆ, ಆಗ ಇಳಿಯುತ್ತದೆ."