ಡಾರ್ಕ್ ಎನರ್ಜಿಯ ಹಾದಿ ಹಿಡಿಯುವವರಿಗೆ

1998ರಲ್ಲಿ ಹೈದರಾಬಾದಿನ ಮಾದಾಪುರದಲ್ಲಿ ಸೈಬರ್ ಟವರ್ಸ್ ಉದ್ಘಾಟನೆಯಾಯಿತು. ಅದೇ ವರ್ಷ ಎರಡು ಖಗೋಳ ತಂಡಗಳು, ದೂರದ ಸೂಪರ್‌ನೋವಾಗಳು (ಸ್ಫೋಟಿಸುವ ನಕ್ಷತ್ರಗಳು) ಲೆಕ್ಕಕ್ಕಿಂತ ಮಂಕಾಗಿ ಕಾಣುತ್ತಿವೆ ಎಂದು ಸಾರಿದವು. ಬೀದರ್, ಕಲಬುರಗಿ, ರಾಯಚೂರುಗಳಿಂದ ಬಂದು ಇಲ್ಲಿ ಸಾಫ್ಟ್‌ವೇರ್ ನಂಬಿ ನೆಲೆಸಿದ ಮನೆಗಳು ಎಷ್ಟೋ. ಅಂಥ ಮನೆಯಲ್ಲಿ ಬಿ.ಎಸ್‌ಸಿ. ಓದುವ ಮಗಳು ‘ಡಾರ್ಕ್ ಎನರ್ಜಿ ಮೇಲೆ ಸಂಶೋಧನೆ ಮಾಡ್ತೀನಿ’ ಅಂದರೆ ಅಪ್ಪ–ಅಮ್ಮನಿಗೆ ದಿಗಿಲಾಗುವುದು ಸಹಜ. ಆದರೆ ಮಾದಾಪುರದ ಕಸುಬಿಗೂ ಈ ವಿಜ್ಞಾನಕ್ಕೂ ಅವರು ಅಂದುಕೊಂಡಷ್ಟು ದೂರವಿಲ್ಲ.

ಟೈಪ್ 1ಎ ಸೂಪರ್‌ನೋವಾಗಳ ನಿಜವಾದ ಪ್ರಕಾಶವನ್ನು ಚೆನ್ನಾಗಿ ಅಂದಾಜಿಸಬಹುದು. ಹಾಗಾಗಿ ಎಷ್ಟು ಮಂಕಾಗಿವೆ ಎಂಬುದರಿಂದಲೇ ದೂರ ತಿಳಿಯುತ್ತದೆ. 1998ರಲ್ಲಿ ಅಳೆದವು ನಿರೀಕ್ಷೆಗಿಂತ ಶೇ 10–15ರಷ್ಟು ದೂರದಲ್ಲಿದ್ದವು. ಅಂದರೆ ವಿಶ್ವದ ಹಿಗ್ಗುವಿಕೆ ನಿಧಾನವಾಗುತ್ತಿಲ್ಲ, ಚುರುಕಾಗುತ್ತಿದೆ. ಇದಕ್ಕೆ ಪರ್ಲ್‌ಮಟರ್, ಶ್ಮಿಟ್, ರೀಸ್ ಮೂವರಿಗೂ 2011ರಲ್ಲಿ ನೊಬೆಲ್ ಬಂತು. ಹಾಗೆ ಚುರುಕಾಗಿ ಹಿಗ್ಗಿಸುತ್ತಿರುವುದೇ ಡಾರ್ಕ್ ಎನರ್ಜಿ, ಕಪ್ಪು ಶಕ್ತಿ. ವಿಶ್ವದ ಒಟ್ಟು ಶಕ್ತಿಯಲ್ಲಿ ಇದರ ಪಾಲು ಸುಮಾರು ಶೇ 68. ಐನ್‌ಸ್ಟೀನ್ 1917ರಲ್ಲಿ ಸೇರಿಸಿದ್ದ ಸ್ಥಿರಾಂಕವೇ ಇದಕ್ಕೆ ಅತ್ಯಂತ ಸರಳ ವಿವರಣೆ: ಅದು ಖಾಲಿ ಜಾಗಕ್ಕೇ ಇರುವ ಶಕ್ತಿ, ಜಾಗ ಹಿಗ್ಗಿದರೂ ತೆಳುವಾಗದು. ಆದರೆ ಅರಿಜೋನಾದ ದೂರದರ್ಶಕವೊಂದಕ್ಕೆ 5,000 ನಾರುಗಳನ್ನು ಜೋಡಿಸಿ ಗೆಲಾಕ್ಸಿಗಳ ನಕ್ಷೆ ಬಿಡಿಸುತ್ತಿರುವ ‘ಡೆಸಿ’ ತಂಡ, ಈ ಶಕ್ತಿ ಕಾಲಕ್ರಮೇಣ ಕುಗ್ಗುತ್ತಿರಬಹುದು ಎಂಬ ಸುಳಿವನ್ನು 2024 ಮತ್ತು 2025ರಲ್ಲಿ ಕೊಟ್ಟಿದೆ. ಅದಿನ್ನೂ ಸುಳಿವು ಮಾತ್ರ, ಸಾಬೀತಾಗಿಲ್ಲ.

ವಿದ್ಯಾರ್ಥಿ ಮೊದಲು ಹಿಡಿಯಬೇಕಾದದ್ದು ಅಳತೆಯ ಕೆಲಸವನ್ನು. ‘ಪ್ಯಾಂಥಿಯನ್ ಪ್ಲಸ್’ ಎಂಬ ಪಟ್ಟಿಯಲ್ಲಿ 1,550 ಸೂಪರ್‌ನೋವಾಗಳ ದತ್ತಾಂಶವಿದೆ. ಯಾರು ಬೇಕಾದರೂ ಉಚಿತವಾಗಿ ಇಳಿಸಿಕೊಳ್ಳಬಹುದು, ಲ್ಯಾಪ್‌ಟಾಪ್ ಮತ್ತು ಪೈಥಾನ್ ಇದ್ದರೆ ಸಾಕು. ಒಂದು ಕಾಲಮ್ಮಿನಲ್ಲಿ ಕೆಂಪುಪಲ್ಲಟ (ಬೆಳಕು ಕೆಂಪಿನತ್ತ ಎಷ್ಟು ಸರಿದಿದೆ ಎಂಬ ಅಳತೆ), ಇನ್ನೊಂದರಲ್ಲಿ ಪ್ರಕಾಶ. ಹಿಗ್ಗುವ ವಿಶ್ವದಲ್ಲಿ ದೂರ ಹೇಳುವ ಸಮೀಕರಣವನ್ನು ಅನುಕಲಿಸಿ, ದ್ರವ್ಯದ ಪಾಲನ್ನು ಹೆಚ್ಚು ಕಡಿಮೆ ಮಾಡುತ್ತ, ಯಾವ ಗೆರೆ ಬಿಂದುಗಳಿಗೆ ಚೆನ್ನಾಗಿ ಹೊಂದುತ್ತದೆ ನೋಡಬೇಕು. ಇಷ್ಟನ್ನು ಒಂದು ವಾರಾಂತ್ಯದಲ್ಲಿ ಮಾಡಬಹುದು. ನಿಜವಾದ ಪಾಠ ಶುರುವಾಗುವುದು ಆಮೇಲೆ. ಒಂದೇ ದೂರದರ್ಶಕದ ಮಾಪನ ತುಸು ತಪ್ಪಿದ್ದರೆ ಅದು ಕಂಡ ಸೂಪರ್‌ನೋವಾಗಳೆಲ್ಲ ಒಟ್ಟಿಗೇ ಆಚೀಚೆ ಸರಿಯುತ್ತವೆ. ಈ ಪರಸ್ಪರ ಸಂಬಂಧಗಳನ್ನು ಬರೆದಿಟ್ಟ ದೊಡ್ಡ ಮಾತೃಕೆಯೂ ಪಟ್ಟಿಯ ಜೊತೆಗೇ ಸಿಗುತ್ತದೆ. ಅದನ್ನು ಲೆಕ್ಕಕ್ಕೆ ತಂದ ಕೂಡಲೇ ಉತ್ತರದ ಅನಿಶ್ಚಿತತೆ ಹಿಗ್ಗುತ್ತದೆ. ಪಟ್ಟಿ ಮಾಡಿದವರಿಗೇ ಸಿಕ್ಕ ದ್ರವ್ಯದ ಪಾಲು 0.334, ಡೆಸಿಯ ಗೆಲಾಕ್ಸಿಗಳು ಹೇಳುವುದು ಸುಮಾರು 0.295. ವ್ಯತ್ಯಾಸ ಸಣ್ಣದು. ಅದಕ್ಕೆ ಕಾರಣ ಡಾರ್ಕ್ ಎನರ್ಜಿಯ ಬದಲಾವಣೆಯೋ, ಸೂಪರ್‌ನೋವಾ ಅಳತೆಯಲ್ಲಿ ಉಳಿದ ಲೋಪವೋ? ಇವತ್ತಿನ ಸಂಶೋಧಕರು ತಲೆಕೆಡಿಸಿಕೊಂಡಿರುವ ಪ್ರಶ್ನೆಯೇ ಇದು. ಬಿ.ಎಸ್‌ಸಿ. ವಿದ್ಯಾರ್ಥಿಯೊಬ್ಬಳು ಅದನ್ನು ತನ್ನ ಪರದೆಯ ಮೇಲೇ ಕಾಣಬಹುದು ಎಂಬುದು ನನಗೆ ಬಹಳ ದೊಡ್ಡ ಮಾತು.

ಓದುವುದೆಲ್ಲಿ? ಮಾದಾಪುರದ ಪಕ್ಕದ ಗಚ್ಚಿಬೌಲಿಯಲ್ಲೇ ಹೈದರಾಬಾದ್ ವಿಶ್ವವಿದ್ಯಾಲಯವಿದೆ, ಕಂದಿಯಲ್ಲಿ ಐಐಟಿ ಇದೆ. ಪುಣೆಯ ಐಯುಕಾ, ಬೆಂಗಳೂರಿನ ಭಾರತೀಯ ಖಗೋಳವಿಜ್ಞಾನ ಸಂಸ್ಥೆ ಈ ಕ್ಷೇತ್ರದ ಹಳೆಯ ಮನೆಗಳು. ಲಡಾಖಿನ ಹಾನ್ಲೆಯಲ್ಲಿರುವ 2 ಮೀಟರಿನ ಚಂದ್ರ ದೂರದರ್ಶಕವನ್ನು ನಡೆಸುವುದು ನಮ್ಮ ಹೊಸಕೋಟೆಯಿಂದ. ಸೂಪರ್‌ನೋವಾ ವೀಕ್ಷಣೆ ಅಲ್ಲಿ ನಡೆಯುತ್ತಲೇ ಇರುತ್ತದೆ. ಎಂ.ಎಸ್‌ಸಿ.ಯ ಮುನ್ನ ಜ್ಯಾಮ್, ಪಿಎಚ್.ಡಿ.ಗೆ ಜೆಸ್ಟ್, ಗೇಟ್, ನೆಟ್ ಹೀಗೆ ಪರೀಕ್ಷೆಗಳಿವೆ.

ಹಣದ ಮಾತನ್ನು ಮನೆಯಲ್ಲಿ ಮೊದಲೇ ಬಿಚ್ಚಿ ಆಡುವುದು ಒಳ್ಳೆಯದು. 2023ರಿಂದ ಪಿಎಚ್.ಡಿ. ವಿದ್ಯಾರ್ಥಿಗಳ ಜೆಆರ್‌ಎಫ್ ಸಂಶೋಧನಾ ವೇತನ ತಿಂಗಳಿಗೆ 37,000 ರೂಪಾಯಿ, ಮೇಲೆ ಮನೆ ಬಾಡಿಗೆ ಭತ್ಯೆ. ಪಿಎಚ್.ಡಿ. ಐದಾರು ವರ್ಷ ಹಿಡಿಯುತ್ತದೆ, ಆಮೇಲೆ ಪೋಸ್ಟ್‌ಡಾಕ್, ಅದೂ ಹೆಚ್ಚಾಗಿ ಹೊರದೇಶದಲ್ಲಿ. ಕಾಯಂ ಹುದ್ದೆಗಳು ಕಡಿಮೆ. ಒಳ್ಳೆಯ ಕೆಲಸ ಮಾಡಿದವರಿಗೂ ಸಿಗದೆ ಹೋಗಬಹುದು. ಆಗ ಕೈಹಿಡಿಯುವುದು ಸಂಖ್ಯಾಶಾಸ್ತ್ರ ಮತ್ತು ಕೋಡಿಂಗ್. ದತ್ತಾಂಶ ವಿಜ್ಞಾನದ ಕೆಲಸಕ್ಕೆ ಮಾದಾಪುರದ ಕಂಪನಿಗಳು ಹುಡುಕುವುದೂ ಅವನ್ನೇ.

‘ಡಾರ್ಕ್ ಎನರ್ಜಿ ಅಂದರೇನು’ ಎಂದು ಹೇಳುವ ಯಾವುದೋ ಒಂದು ಸಿದ್ಧಾಂತಕ್ಕೆ ಇಪ್ಪತ್ತರ ಹರೆಯದಲ್ಲೇ ಕಟ್ಟುಬೀಳುವುದು ನನಗೆ ಸರಿಕಾಣದು. ಚಿಲಿಯ ರೂಬಿನ್ ವೀಕ್ಷಣಾಲಯ 2025ರಲ್ಲಿ ಮೊದಲ ಚಿತ್ರಗಳನ್ನು ಕೊಟ್ಟಿದೆ, ಅದರ ಸಮೀಕ್ಷೆ ಹತ್ತು ವರ್ಷದ್ದು. ಈಗ ಬಿ.ಎಸ್‌ಸಿ.ಯಲ್ಲಿರುವವರು ಪಿಎಚ್.ಡಿ. ಮುಗಿಸುವ ವೇಳೆಗೆ ಇವತ್ತಿನ ಹಲವು ಮಾದರಿಗಳು ಬಿದ್ದುಹೋಗಿರಬಹುದು. ಬೇಸಿಗೆ ಪ್ರಾಜೆಕ್ಟಿಗೆ ಅರ್ಜಿ ಹಾಕುವಾಗ ವಿಶ್ವದ ಬಗ್ಗೆ ಚಿಕ್ಕಂದಿನಿಂದ ಇರುವ ಕುತೂಹಲವನ್ನು ಪುಟಗಟ್ಟಲೆ ಬರೆಯುವ ಬದಲು, ಆ ಸೂಪರ್‌ನೋವಾ ಗ್ರಾಫನ್ನು, ಅದರ ಕೋಡನ್ನು, ಎಲ್ಲಿ ಅರ್ಥವಾಗದೆ ನಿಂತಿರಿ ಎಂಬ ಎರಡು ಸಾಲನ್ನು ಲಗತ್ತಿಸಿ.