ಆಳುಗಳ ಕೊಡಕ್ಕೆ ಯಾವ ನೀರು? ತಿಳಿಯಾಗಿದ್ದರಷ್ಟೇ ಸಾಲದು

ಕಬ್ಬಿನ ಕಟಾವು ಶುರುವಾದರೆ ನಮ್ಮ ಬಾಗಲಕೋಟೆ ಜಿಲ್ಲೆಯ ಹೊಲಗಳಲ್ಲಿ ಹೊರಗಿನಿಂದ ಬಂದ ಗ್ಯಾಂಗ್‌ಗಳ ಗುಡಿಸಲು ಏಳುತ್ತವೆ. ಮುಂಗಡ, ಟನ್ನಿನ ರೇಟು, ಟ್ರ್ಯಾಕ್ಟರ್ ಎಲ್ಲಾ ಮೊದಲೇ ಮಾತಾಡಿರ್ತೀವಿ. ನೀರಿಗೆ ಮಾತ್ರ "ಬೋರ್ ಐತಲ್ಲ, ಕುಡೀರಿ" ಅಂದುಬಿಡ್ತೀವಿ.

ಬಾದಾಮಿ, ಹುನಗುಂದ, ಇಳಕಲ್ಲ ಭಾಗದ ಹಲವು ಊರುಗಳ ಬೋರ್ ನೀರಿನಲ್ಲಿ ಫ್ಲೋರೈಡ್ ಹೆಚ್ಚಿದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಭಾರತೀಯ ಮಾನಕದ ಪ್ರಕಾರ ಲೀಟರಿಗೆ 1 ಮಿಲಿಗ್ರಾಂ ಒಳಗಿರಬೇಕು. ಬೇರೆ ನೀರೇ ಸಿಗದಿದ್ದರೆ 1.5 ರವರೆಗೆ.

ಈಗ ಲೆಕ್ಕ ಹಾಕೋಣ. 1.5 ಇರುವ ನೀರನ್ನು ನೆರಳಲ್ಲಿ ಕೂತವರು ದಿನಕ್ಕೆ 2 ಲೀಟರ್ ಕುಡಿದರೆ ಮೈಗೆ ಸೇರೋದು 3 ಮಿಲಿಗ್ರಾಂ. ಬಿಸಿಲಲ್ಲಿ ಕಬ್ಬು ಕಡಿಯೋರು 6 ಲೀಟರ್ ಕುಡಿದರೆ 9 ಮಿಲಿಗ್ರಾಂ! ನೀರು ಒಂದೇ, ಪೆಟ್ಟು ಮೂರು ಪಟ್ಟು. ಗುಡಿಸಲಿನ ಸಣ್ಣ ಮಕ್ಕಳಿಗೆ ಇನ್ನೂ ಅಪಾಯ: ಒಸಡಿನೊಳಗೆ ಬೆಳೆಯುತ್ತಿರುವ ಹಲ್ಲಿಗೇ ಕಲೆ ಬೀಳುತ್ತದೆ. ವರ್ಷಗಟ್ಟಲೆ ಕುಡಿದರೆ ಕೀಲು, ಬೆನ್ನು ಬಿಗಿಯುತ್ತವೆ.

"ಕಾಯಿಸಿ ಕುಡಿದರಾಯ್ತು" ಅನ್ನೋರಿದ್ದಾರೆ. ಕಾಯಿಸಿದರೆ ರೋಗಾಣು ಸಾಯುತ್ತವೆ, ಫ್ಲೋರೈಡ್ ಹೋಗೋದಿಲ್ಲ. ನೀರು ಆವಿಯಾದಷ್ಟೂ ಅದು ಗಟ್ಟಿಯಾಗುತ್ತದೆ.

ನೀವು ಮಾಡಬೇಕಾದದ್ದು ಇಷ್ಟು:

1. ಗ್ಯಾಂಗ್ ಬರುವ ಮುಂಚೆಯೇ ಬೋರ್ ನೀರು ಪರೀಕ್ಷೆ ಮಾಡಿಸಿ. ಜಲ ಜೀವನ್ ಮಿಷನ್‌ನ ಪರೀಕ್ಷಾ ಕಿಟ್ ಬಗ್ಗೆ ಗ್ರಾಮ ಪಂಚಾಯಿತಿಯಲ್ಲಿ ಕೇಳಿ.

2. ಫ್ಲೋರೈಡ್ ಹೆಚ್ಚಿದ್ದರೆ ಕುಡಿಯಲು ಮತ್ತು ಅಡುಗೆಗೆ ಊರಿನ ಶುದ್ಧ ನೀರಿನ ಘಟಕದಿಂದಲೇ ತನ್ನಿ. 12 ಜನಕ್ಕೆ ತಲಾ 5 ಲೀಟರ್ ಅಂದರೆ ಕುಡಿಯಲಿಕ್ಕೇ ದಿನಕ್ಕೆ 20 ಲೀಟರಿನ 3 ಕ್ಯಾನ್, ಅಡುಗೆಗೆ ಬೇರೆ. ಸ್ನಾನ, ಬಟ್ಟೆಗೆ ಬೋರ್ ನೀರು ಸಾಕು.

3. ಫ್ಲೋರೈಡ್ ಮಿತಿಯಲ್ಲಿದ್ದು ಟ್ಯಾಂಕ್ ನೀರು ಕುಡಿಯೋದಾದರೆ, 1000 ಲೀಟರ್ ತಿಳಿನೀರಿಗೆ ಒಳ್ಳೆ ಬ್ಲೀಚಿಂಗ್ ಪೌಡರ್ 2.5 ಗ್ರಾಂ ಸಾಕು. ಬಕೆಟ್‌ನಲ್ಲಿ ಕಲಸಿ, ಸುಣ್ಣ ತಳಕ್ಕೆ ಕೂತ ಮೇಲೆ ಮೇಲಿನ ತಿಳಿ ಮಾತ್ರ ಟ್ಯಾಂಕಿಗೆ ಹಾಕಿ. ಅರ್ಧ ಗಂಟೆ ಬಿಟ್ಟು ಬಳಸಿ.

4. ಕಳೆನಾಶಕ, ಕೀಟನಾಶಕದ ಖಾಲಿ ಕ್ಯಾನ್ ಎಷ್ಟು ತೊಳೆದರೂ ಕುಡಿಯುವ ನೀರಿಗೆ ಬೇಡ. ತೂತು ಮಾಡಿಬಿಡಿ, ಯಾರೂ ಒಯ್ಯದಂತೆ.

ನಮ್ಮ ಕಡೆಯ ಎಷ್ಟೋ ಮಂದಿಯೂ ಗೋವಾ, ಮಂಗಳೂರಿಗೆ ದುಡಿಯಲು ಹೋಗ್ತಾರೆ. ಅಲ್ಲಿ ಅವರಿಗೆ ಎಂಥ ನೀರು ಸಿಗಲಿ ಅಂತ ಬಯಸ್ತೀವೋ, ಇಲ್ಲಿ ಬಂದವರಿಗೂ ಅದನ್ನೇ ಕೊಡೋಣ. ಈ ಸಲ ಮುಕಾದಮನ ಜೊತೆ ರೇಟು ಮಾತಾಡುವಾಗ ನೀರಿನ ಮಾತನ್ನೂ ಮುಗಿಸಿಬಿಡಿ.